ಆಕ್ಸಿಜನ್ ಸೆನ್ಸರ್ ಕೊಳ್ಳುವ ಮುನ್ನ

ಮಳೆಗಾಲ ಕಳೆದು ಅಡಿಕೆ ಕೊಯ್ಲಿಗೆ ಪೆಟ್ರೋಲ್ ವ್ಯಾನು ಹೊರಡಿಸಿದಾಗ ಇಂಜಿನ್ ದೀಪ ಹತ್ತಿಕೊಳ್ಳುವುದುಂಟು. ಸ್ಕ್ಯಾನರ್ ಹೊಗೆಕೊಳವೆಯ ಆಕ್ಸಿಜನ್ ಸೆನ್ಸರಿನತ್ತ ಬೆರಳು ತೋರಿದೊಡನೆ ಹೊಸದನ್ನು ಕೊಳ್ಳುವ ಅವಸರ ನಮ್ಮ ಬೆಳೆಗಾರರದು. ಸ್ಕ್ಯಾನರಿನ ಸಂಕೇತ ತಿಳಿಸುವುದು ದೋಷದ ದಾರಿಯನ್ನೇ ಹೊರತು ಕೆಟ್ಟ ಭಾಗವನ್ನಲ್ಲ.

ಪಿ 0135 ಎಂದು ಬಂದರೆ ಅದು ಸೆನ್ಸರಿನೊಳಗಿನ ಹೀಟರಿನ ತಕರಾರು. ಸುಮಾರು 300 ಡಿಗ್ರಿ ಸೆಲ್ಸಿಯಸ್ ಕಾಯದೆ ಸೆನ್ಸರು ಸರಿಯಾಗಿ ಕೆಲಸ ಮಾಡದು, ಅದಕ್ಕೇ ಈ ಹೀಟರು. ಮೊದಲು ಫ್ಯೂಸ್ ನೋಡಿರಿ, ಆಮೇಲೆ ತಂತಿ. ಷೆಡ್ಡಿನ ಇಲಿಗಳ ಕಾಟ ನಮಗಾರಿಗೂ ಹೊಸತಲ್ಲ; ನಾವೂ ಒಮ್ಮೆ ಹೊಸ ಸೆನ್ಸರಿಗೆ ಹಣ ತೆತ್ತ ಮೇಲೆಯೇ ಕಡಿದ ತಂತಿಯನ್ನು ಕಂಡವರು! ಇಂಜಿನ್ ತಣ್ಣಗಿರುವಾಗ ಪ್ಲಗ್ ಕಳಚಿ, ಸೆನ್ಸರಿನ ಕಡೆಯ ಹೀಟರ್ ತಂತಿಗಳೆರಡನ್ನು (ನಾಲ್ಕು ತಂತಿಯದರಲ್ಲಿ ಸಾಮಾನ್ಯವಾಗಿ ಒಂದೇ ಬಣ್ಣದವು) ಮೀಟರಿನಿಂದ ಅಳೆಯಿರಿ. ಕೆಲವೇ ಓಂ ಬಂದರೆ ಹೀಟರ್ ಕ್ಷೇಮ. ಮೀಟರು ಏನನ್ನೂ ತೋರದಿದ್ದರೆ ಹೀಟರು ತುಂಡಾಗಿದೆ, ಸೆನ್ಸರನ್ನೇ ಬದಲಿಸಬೇಕು.

ಜಿರ್ಕೋನಿಯಾ ಮಾದರಿಯ ಮುಂದಿನ ಸೆನ್ಸರಾದರೆ, ಕಾದ ಇಂಜಿನಿನಲ್ಲಿ ಅದರ ವೋಲ್ಟೇಜು 0.1 ಮತ್ತು 0.9ರ ನಡುವೆ ಬೇಗಬೇಗನೆ ಏರಿಳಿಯುತ್ತಿರಬೇಕು. ಕೆಳಗೇ ನಿಂತಿತೆಂದು ಕೂಡಲೇ ಬಿಸಾಡಬೇಡಿ. ಹೊಗೆಕೊಳವೆಯ ಬಿರುಕಿನಿಂದ ಹೊರಗಾಳಿ ನುಗ್ಗಿದರೂ ಹೀಗೇ ಆಗುತ್ತದೆ. ಆ ಬಿರುಕಿಗೆ ಸಾಧಾರಣ ಸಿಲಿಕೋನ್ ಗಮ್ ಬಳಿಯುವುದೂ ಬೇಡ, ಅದರ ಆವಿಯೇ ಸೆನ್ಸರನ್ನು ಕೆಡಿಸುತ್ತದೆ.