ಯೋಗನಿದ್ರೆ: ಸಂಕಲ್ಪ ಟಾರ್ಗೆಟ್ ಅಲ್ಲ

ಯೋಗನಿದ್ರೆ ಅಂದ್ರೆ ನಿದ್ದೆ ಹೊಡೆಯೋದಲ್ಲ. ಮೈ ಪೂರ್ತಿ ಸಡಿಲ, ಅರಿವು ಎಚ್ಚರ. ಈಗಿನ ಈ ಪದ್ಧತಿಯನ್ನು ತಂತ್ರದ ನ್ಯಾಸದಿಂದ ರೂಪಿಸಿದವರು ಬಿಹಾರದ ಮುಂಗೇರ್‌ನ ಸ್ವಾಮಿ ಸತ್ಯಾನಂದ ಸರಸ್ವತಿ.

ಶವಾಸನದಲ್ಲಿ ಮಲಗಿ, ಸಂಕಲ್ಪವನ್ನು ಮನಸ್ಸಲ್ಲೇ 3 ಸಲ ಹೇಳಿಕೊಳ್ಳಿ. ಆಮೇಲೆ ಧ್ವನಿ ಹೇಳಿದಂತೆ ಗಮನ ಬಲಗೈ ಹೆಬ್ಬೆರಳಿಂದ ಶುರುವಾಗಿ ಮೈಯೆಲ್ಲ ಸುತ್ತುತ್ತೆ. ನಂತರ 27ರಿಂದ 1ರವರೆಗೆ ಉಸಿರು ಎಣಿಸೋದು. ಕೊನೆಗೆ ಮತ್ತೆ ಅದೇ ಸಂಕಲ್ಪ. ಮಧ್ಯೆ ನಿದ್ದೆ ಹೋದ್ರೆ ಅದು ತಪ್ಪುತ್ತೆ.

ಕಾಮರ್ಸ್ ಓದಿದ ನನಗೆ ಸಂಕಲ್ಪ ಅಂದ್ರೆ ಟಾರ್ಗೆಟ್ ಅನ್ನಿಸೋದು ಸಹಜ. ಆದರೆ ‘ಸಂಬಳ ಹೆಚ್ಚಲಿ’ ಅನ್ನೋದು ಆಸೆ. ‘ನಾನು ಶಾಂತವಾಗಿ ನಿರ್ಧಾರ ಮಾಡ್ತೀನಿ’ ಅನ್ನೋದು ಸಂಕಲ್ಪ. ವಾಕ್ಯ ಚಿಕ್ಕದಿರಲಿ, ‘ಬೇಡ’, ‘ಇಲ್ಲ’ ಸೇರಿಸಬೇಡಿ. ದಿನಾ ಬದಲಿಸಲೂ ಬೇಡಿ. ಬಿತ್ತಿದ ಬೀಜವನ್ನು ಯಾರಾದರೂ ದಿನಾ ಕೆದಕ್ತಾರಾ?