ಬೋಡ್‌ಮಾಸ್ ಬಾಯಿಪಾಠವಾದರೆ ಸಾಲದು

ಕೆಲವು ದಿನಗಳ ಹಿಂದೆ ಒಂದು ಸಂಜೆ ಅಣ್ಣನ ಮನೆಗೆ ಹೋಗಿದ್ದೆ. ಐದನೇ ತರಗತಿಯಲ್ಲಿ ಓದುವ ಅವನ ಮಗಳು ಗಣಿತದ ನೋಟ್‌ಬುಕ್ ಮುಂದಿಟ್ಟುಕೊಂಡು ಮುಖ ಸಣ್ಣ ಮಾಡಿ ಕೂತಿದ್ದಳು. "ಏನಾಯ್ತೇ?" ಎಂದು ಕೇಳಿದರೆ ಉತ್ತರವಿಲ್ಲ. ನಾನೇ ಪುಟ ತಿರುವಿದೆ. 10 − 4 + 3 ಎಂಬ ಲೆಕ್ಕಕ್ಕೆ 3 ಎಂದು ಬರೆದಿದ್ದಳು. ಅದರ ಮೇಲೆ ಕೆಂಪು ಗೀಟು.

"ಅತ್ತೆ, ನಾನು ಬೋಡ್‌ಮಾಸ್ ಪ್ರಕಾರವೇ ಮಾಡಿದ್ದೇನೆ. ಮೊದಲು ಅಡಿಷನ್, ಆಮೇಲೆ ಸಬ್‌ಟ್ರ್ಯಾಕ್ಷನ್. ನಾಲ್ಕಕ್ಕೆ ಮೂರು ಕೂಡಿದರೆ ಏಳು, ಹತ್ತರಲ್ಲಿ ಏಳು ಕಳೆದರೆ ಮೂರು. ಅಣ್ಣನೇ ಹೇಳಿಕೊಟ್ಟದ್ದು. ನಂಗೆ ಮ್ಯಾಥ್ಸ್ ಬರೋದೇ ಇಲ್ಲ" ಎಂದಳು. ಕಣ್ಣಲ್ಲಿ ನೀರು.

ಅವಳ ಅಣ್ಣ ಇಂಜಿನಿಯರಿಂಗ್ ಓದುತ್ತಿರುವವನು. ಕರೆದು ಅದೇ ಲೆಕ್ಕ ಕೊಟ್ಟೆ. ಥಟ್ಟನೆ "ಒಂಬತ್ತು" ಎಂದ. "ಹೇಗೋ?" ಎಂದೆ. "ಎಡದಿಂದ ಬಲಕ್ಕೆ ಮಾಡ್ತಾ ಹೋದೆ, ಅಷ್ಟೇ." ಹಾಗಾದರೆ ತಂಗಿಗೆ ಹೇಳಿಕೊಟ್ಟದ್ದೇನು? ಅವನಿಗೆ ನಗುವೂ ಬಂತು, ನಾಚಿಕೆಯೂ ಆಯಿತು. ತಾನು ಮಾಡುವ ರೀತಿ ಒಂದು, ತಂಗಿಗೆ ಕೊಟ್ಟ ಮಂತ್ರ ಇನ್ನೊಂದು.

ಯುವಮಿತ್ರರೇ, ನಿಮ್ಮಲ್ಲಿ ಅನೇಕರು ಮನೆಯಲ್ಲಿ ತಮ್ಮ ತಂಗಿಯರಿಗೆ, ಪಕ್ಕದ ಮನೆಯ ಮಕ್ಕಳಿಗೆ ಪಾಠ ಹೇಳಿಕೊಡುವವರು. ಈ ಪ್ರಸಂಗವನ್ನು ನಿಮಗಾಗಿಯೇ ಬರೆಯುತ್ತಿದ್ದೇನೆ. ಹೇಳಿದಂತೆಯೇ ಮಾಡಿಯೂ ತಪ್ಪಾಯಿತೆಂದರೆ ಮಗು ನಿಯಮವನ್ನು ಅನುಮಾನಿಸುವುದಿಲ್ಲ, ತನ್ನನ್ನೇ ಅನುಮಾನಿಸುತ್ತದೆ. ಗಣಿತದ ಭಯ ಎಷ್ಟೋ ಸಲ ಹುಟ್ಟುವುದು ಇಲ್ಲಿಯೇ.

ತೊಡಕಿರುವುದು ಆ ಪದದಲ್ಲೇ. ಬ್ರ್ಯಾಕೆಟ್, ಆಫ್, ಡಿವಿಷನ್, ಮಲ್ಟಿಪ್ಲಿಕೇಷನ್, ಅಡಿಷನ್, ಸಬ್‌ಟ್ರ್ಯಾಕ್ಷನ್ ಎಂದು ಆರು ಅಕ್ಷರಗಳನ್ನು ಸಾಲಾಗಿ ನಿಲ್ಲಿಸಿದಾಗ ಆರು ಮೆಟ್ಟಿಲುಗಳಿವೆ ಎಂದು ಮಗು ತಿಳಿಯುತ್ತದೆ. ನಿಜವಾಗಿ ಗುಣಾಕಾರ ಭಾಗಾಕಾರಗಳೆರಡೂ ಒಂದೇ ಮೆಟ್ಟಿಲು. ಸಂಕಲನ ವ್ಯವಕಲನಗಳೂ ಒಂದೇ ಮೆಟ್ಟಿಲು. ಒಂದೇ ಮೆಟ್ಟಿಲಿನವು ಎದುರಾದಾಗ ಎಡದಿಂದ ಬಲಕ್ಕೆ ಮಾಡಬೇಕು. ಅಮೆರಿಕದಲ್ಲಿ ಬೆಳೆಯುವ ನಮ್ಮ ನೆಂಟರ ಮಕ್ಕಳನ್ನು ಕೇಳಿ ನೋಡಿ. ಅವರು ಕಲಿಯುವುದು 'ಪೆಮ್‌ಡಾಸ್'. ಅದರಲ್ಲಿ ಮಲ್ಟಿಪ್ಲಿಕೇಷನ್ ಮೊದಲು, ಡಿವಿಷನ್ ಆಮೇಲೆ. ಆದರೂ ಸರಿಯಾಗಿ ಮಾಡಿದರೆ ಅವರ ಉತ್ತರವೂ ನಮ್ಮ ಉತ್ತರವೂ ಒಂದೇ. ಮಂತ್ರವನ್ನೇ ನೆಚ್ಚಿದರೆ ಮಾತ್ರ ಇಬ್ಬರೂ ಎಡವುತ್ತಾರೆ. 24 ÷ 4 × 3ರಲ್ಲಿ ಅಲ್ಲಿನ ಮಗು ಮೊದಲು ಗುಣಿಸಿ 2 ಎನ್ನುತ್ತದೆ; ಸರಿ ಉತ್ತರ 18. ನಮ್ಮ ಮಗು 10 − 4 + 3ರಲ್ಲಿ ಮೊದಲು ಕೂಡಿ 3 ಎನ್ನುತ್ತದೆ.

ಹಾಗಾದರೆ ಹೇಗೆ ಹೇಳಿಕೊಡಬೇಕು? ನಿಯಮಕ್ಕೆ ಮೊದಲು ಕಥೆ ಹೇಳಿ. ಮಾಟುಂಗದ ಯಾವುದಾದರೂ ಉಡುಪಿ ಹೋಟೆಲಿಗೆ ಹೋದೆವೆಂದುಕೊಳ್ಳಿ. ಒಂದು ಕಾಫಿಗೆ 30 ರೂಪಾಯಿ, ಇಡ್ಲಿ ಪ್ಲೇಟಿಗೆ 50 ಎಂದಿಟ್ಟುಕೊಳ್ಳೋಣ. ಒಂದು ಕಾಫಿ, ಎರಡು ಪ್ಲೇಟ್ ಇಡ್ಲಿ ತೆಗೆದುಕೊಂಡರೆ ಬಿಲ್ಲು 30 + 2 × 50. ಮೊದಲು ಕೂಡಿದರೆ 32 × 50, ಅಂದರೆ 1,600 ರೂಪಾಯಿ! ಇದನ್ನು ಹೇಳಿದಾಗ ಅಳುತ್ತಿದ್ದ ಹುಡುಗಿ "ಅಷ್ಟೊಂದು ಯಾಕೆ ಕೊಡಬೇಕು?" ಎಂದು ಜಗಳಕ್ಕೇ ಬಂದಳು. ಎರಡು ಪ್ಲೇಟ್ ಇಡ್ಲಿ ಎಂಬುದು ಒಂದು ಕಟ್ಟು. ಆ ಕಟ್ಟಿನ ಬೆಲೆ ತಿಳಿಯದೆ ಬೇರೆಯದಕ್ಕೆ ಕೂಡಿಸುವುದು ಹೇಗೆ? ಅದಕ್ಕೇ ಗುಣಾಕಾರ ಮೊದಲು. ಉತ್ತರ 130.

ಆಮೇಲೆ ಕಥೆ ಬದಲಿಸಿ. ಮೂವರು ಹೋದರು, ಒಬ್ಬೊಬ್ಬರೂ ಒಂದು ಕಾಫಿ, ಒಂದು ಪ್ಲೇಟ್ ಇಡ್ಲಿ ತೆಗೆದುಕೊಂಡರು. ಈಗ 3 × (30 + 50), ಅಂದರೆ 240. ಆವರಣವನ್ನು ಬಿಟ್ಟು 3 × 30 + 50 ಎಂದು ಬರೆದರೆ 140 ಆಗುತ್ತದೆ. ಮೂರು ಕಾಫಿ ಬಂದರೂ ಇಡ್ಲಿ ಒಬ್ಬರಿಗೇ! ಆವರಣ ಏಕೆ ಬೇಕೆಂದು ಇನ್ನು ಬೇರೆ ಹೇಳಬೇಕಾಗಿಲ್ಲ.

10 − 4 + 3ಕ್ಕೆ ಬಸ್ಸಿನ ಕಥೆ ಸಾಕು. ಬಸ್ಸಿನಲ್ಲಿ ಹತ್ತು ಜನ ಇದ್ದರು. ನಾಲ್ವರು ಇಳಿದರು, ಮೂವರು ಹತ್ತಿದರು. ಹತ್ತಿದವರನ್ನೂ ಇಳಿದವರ ಲೆಕ್ಕಕ್ಕೆ ಸೇರಿಸಿದರೆ ಕಂಡಕ್ಟರ್ ಒಪ್ಪುತ್ತಾನೆಯೇ?

ಕಥೆ ಮನಸ್ಸಿಗೆ ಹತ್ತಿದ ಮೇಲೆ ಪೆನ್ಸಿಲ್ ಹಿಡಿಯಿರಿ. ನಮ್ಮ ಮುಂಬಯಿಯಲ್ಲೇ, ಮಾನ್‌ಖುರ್ದಿನಲ್ಲಿರುವ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದ ರಾಖಿ ಬ್ಯಾನರ್ಜಿ ಮತ್ತು ಕೆ. ಸುಬ್ರಮಣಿಯಂ ಅವರು ಈ ಶತಮಾನದ ಆರಂಭದ ವರ್ಷಗಳಲ್ಲಿ ಆರನೇ ತರಗತಿಯ ಮಕ್ಕಳೊಂದಿಗೆ ಒಂದು ಕ್ರಮವನ್ನು ಬೆಳೆಸಿದರು. ಲೆಕ್ಕವನ್ನು ಕೂಡುವ ಮತ್ತು ಕಳೆಯುವ ಚಿಹ್ನೆಗಳ ಬಳಿ ತುಂಡು ಮಾಡಿ ಪ್ರತಿಯೊಂದು 'ಪದ'ಕ್ಕೂ ಒಂದು ಚೌಕ ಹಾಕುವುದು. ಚಿಹ್ನೆ ಅದರ ಬಲಕ್ಕಿರುವ ಸಂಖ್ಯೆಯ ಜೊತೆಗೇ ಚೌಕದೊಳಗೆ ಹೋಗಬೇಕು. 7 + 18 ÷ 3 × 2 − 4 ಎಂಬಲ್ಲಿ ಮೂರು ಚೌಕಗಳು: 7, + 18 ÷ 3 × 2, − 4. ನಡುವಿನ ಚೌಕದ ಒಳಗಿನದನ್ನು ಎಡದಿಂದ ಬಲಕ್ಕೆ ಮುಗಿಸಿದರೆ 12. ಕೊನೆಗೆ 7 + 12 − 4, ಉತ್ತರ 15. 2025ರಲ್ಲಿ ಬಂದ ಎನ್‌ಸಿಇಆರ್‌ಟಿಯ ಏಳನೇ ತರಗತಿಯ 'ಗಣಿತ ಪ್ರಕಾಶ' ಪುಸ್ತಕವೂ ಪದಗಳ ಈ ದಾರಿಯನ್ನೇ ಹಿಡಿದಿದೆ.

ಈ ನಿಯಮ ದೇವರು ಕೊಟ್ಟದ್ದಲ್ಲ, ಜನ ಮಾಡಿಕೊಂಡ ಒಪ್ಪಂದ ಎಂಬುದನ್ನೂ ಮಕ್ಕಳಿಗೆ ಹೇಳಿ. ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯ ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ' ಬರೆದ. 12ನೇ ಶತಮಾನದಲ್ಲಿ ರಾಜಾದಿತ್ಯ ನಮ್ಮ ಕನ್ನಡದಲ್ಲೇ 'ವ್ಯವಹಾರಗಣಿತ' ಬರೆದ. ಅಲ್ಲಿ ಲೆಕ್ಕಗಳೆಲ್ಲ ಮಾತಿನಲ್ಲಿ. ಯಾವುದು ಮೊದಲೆಂದು ಮಾತೇ ಹೇಳುತ್ತಿತ್ತು. ಯುರೋಪಿನಲ್ಲಿ 1557ರಲ್ಲಿ ಸಮ ಚಿಹ್ನೆ, 1631ರಲ್ಲಿ ಗುಣಾಕಾರದ ×, 1659ರಲ್ಲಿ ಭಾಗಾಕಾರದ ÷ ಅಚ್ಚಿನಲ್ಲಿ ಬಂದವು. ಮಾತು ಹೋಗಿ ಬರಿಯ ಚಿಹ್ನೆಗಳು ಉಳಿದಾಗ ಓದುವ ಕ್ರಮಕ್ಕೊಂದು ಒಪ್ಪಂದ ಬೇಕಾಯಿತು.

ಆ ಒಪ್ಪಂದ ಇಂದಿಗೂ ಎಲ್ಲ ಕಡೆ ಗಟ್ಟಿಯಾಗಿಲ್ಲ. 2019ರಲ್ಲಿ 8 ÷ 2(2 + 2) ಎಂಬ ಲೆಕ್ಕ ಊರೂರು ಸುತ್ತಿ, 16 ಎನ್ನುವವರಿಗೂ 1 ಎನ್ನುವವರಿಗೂ ದೊಡ್ಡ ವಾದವಾಯಿತು. ತಪ್ಪು ಬರೆದ ರೀತಿಯಲ್ಲಿತ್ತು. ಇನ್ನೊಂದು ಆವರಣ ಹಾಕಿದ್ದರೆ ಜಗಳವೇ ಇರುತ್ತಿರಲಿಲ್ಲ. ಯಂತ್ರಗಳ ಕಥೆಯೂ ಅಷ್ಟೆ. ಅಂಗಡಿಯ ಸಾದಾ ಕ್ಯಾಲ್ಕುಲೇಟರಿನಲ್ಲಿ 30 + 2 × 50 ಒತ್ತಿದರೆ 1,600 ಎನ್ನುತ್ತದೆ. ಸೈಂಟಿಫಿಕ್ ಕ್ಯಾಲ್ಕುಲೇಟರು 130 ಎನ್ನುತ್ತದೆ. ಎರಡನ್ನೂ ಮಕ್ಕಳ ಕೈಗೆ ಕೊಟ್ಟು ನೋಡಿ. ಯಂತ್ರವೂ ಒಂದು ನಿಯಮದಂತೆ ನಡೆಯುತ್ತದೆ, ಯೋಚಿಸಬೇಕಾದವರು ನಾವು ಎಂಬುದು ಅವರಿಗೆ ತಾನಾಗಿ ತಿಳಿಯುತ್ತದೆ.

ಆ ಸಂಜೆ ಅಣ್ಣ ತಂಗಿ ಇಬ್ಬರೂ ಚೌಕ ಹಾಕುತ್ತ ಕೂತರು. ನಾನು ಹೊರಡುವ ಹೊತ್ತಿಗೆ ಅವಳೇ ಒಂದು ಉದ್ದದ ಲೆಕ್ಕ ಬರೆದು ಅಣ್ಣನ ಮುಂದಿಟ್ಟಿದ್ದಳು. ಅವಸರದಲ್ಲಿ ಅವನು ತಪ್ಪು ಮಾಡಿದ. ಅವಳು ಕೆಂಪು ಪೆನ್ನು ತೆಗೆದುಕೊಂಡಳು. ಆದರೆ ಗೀಟು ಎಳೆಯಲಿಲ್ಲ. "ಅಣ್ಣಾ, ಬಸ್ಸಿನ ಕಥೆ ಹೇಳ್ತೀನಿ ಕೇಳು" ಎಂದಳು.

ಪಾಠ ಹೇಳಿಕೊಡುವ ಕ್ರಮವನ್ನು ಅವಳು ಕಲಿತಿದ್ದಳು. ನೀವೂ ಮನೆಯ ಮಕ್ಕಳ ನೋಟ್‌ಬುಕ್ಕನ್ನು ಒಮ್ಮೆ ತೆರೆದು ನೋಡಿ. ತಪ್ಪಾದ ಉತ್ತರ ಕಂಡರೆ "ಹೇಗೆ ಮಾಡಿದೆ?" ಎಂದು ಮೊದಲು ಕೇಳಿ. ತಿದ್ದುವುದು ಆಮೇಲೆ. ಈ ಕ್ರಮವೂ ಮುಖ್ಯ.