ಮನೆಯ ಹೊರಗಣ ದುರಸ್ತಿ: ಪರವಾನಗಿ ಯಾವಾಗ ಬೇಕು?

ಮಳೆಗಾಲ ಕಳೆದು ಬಿಸಿಲು ಕಾಣಿಸಿಕೊಂಡಿತೆಂದರೆ ಗೃಹಸ್ಥನ ಕಣ್ಣು ಮೊದಲು ಬೀಳುವುದು ಮನೆಯ ಹೊರಗೋಡೆಯ ಮೇಲೆ. ಗಾರೆ ಉದುರಿದೆ, ಹೆಂಚು ಒಡೆದಿದೆ, ಜಗುಲಿಯ ಅಂಚು ಕುಸಿದಿದೆ. ಮೇಸ್ತ್ರಿಯನ್ನು ಕರೆಸುತ್ತೇವೆ. ಆತ ಸುತ್ತ ನೋಡಿ, “ಹೇಗೂ ಕೆಲಸ ಹಿಡಿಸಿದ್ದೀರಿ ಸ್ವಾಮಿ, ಜಗುಲಿಗೆ ಎರಡು ಗೋಡೆ ಎಬ್ಬಿಸಿಬಿಟ್ಟರೆ ಒಂದು ಕೋಣೆಯೇ ಆಗುತ್ತೆ” ಎನ್ನುತ್ತಾನೆ. ಮಾತು ಹಿತವಾಗಿಯೇ ಇದೆ. ಆದರೆ ಆ ಒಂದು ಮಾತಿನಲ್ಲಿ ದುರಸ್ತಿ ಮುಗಿದು ಕಟ್ಟಡ ಆರಂಭವಾಯಿತೆಂಬುದು ನಮ್ಮಲ್ಲಿ ಅನೇಕರಿಗೆ ಹೊಳೆಯುವುದಿಲ್ಲ.

ಹೆಚ್ಚು ಖರ್ಚಿನ ಕೆಲಸಕ್ಕೆ ಮಾತ್ರ ಪರವಾನಗಿ ಬೇಕು, ಸಣ್ಣ ಕೆಲಸಕ್ಕೆ ಬೇಡ ಎಂಬುದು ಸಾಮಾನ್ಯ ತಿಳಿವಳಿಕೆ. ಕಾನೂನು ಖರ್ಚಿನ ಲೆಕ್ಕ ಕೇಳುವುದಿಲ್ಲ. ಮೈಸೂರು, ಹುಬ್ಬಳ್ಳಿ-ಧಾರವಾಡ, ಮಂಗಳೂರುಗಳಂಥ ಮಹಾನಗರಪಾಲಿಕೆಗಳಿಗೆ ಅನ್ವಯಿಸುವ 1976ರ ಕರ್ನಾಟಕ ಅಧಿನಿಯಮವು ಹೊಸ ಕಟ್ಟಡದ ನಿಯಮಗಳನ್ನೇ ಮಾರ್ಪಾಟಿಗೂ ಸೇರ್ಪಡೆಗೂ ಅನ್ವಯಿಸುತ್ತದೆ. ಒಂದು ವಿನಾಯಿತಿ ಮಾತ್ರ ಇದೆ: ಕಟ್ಟಡದ ಅಥವಾ ಅದರ ಯಾವುದೇ ಕೋಣೆಯ ಸ್ಥಾನವನ್ನಾಗಲಿ ಅಳತೆಯನ್ನಾಗಲಿ ಬದಲಿಸದ ಅವಶ್ಯ ದುರಸ್ತಿಯು ಮಾರ್ಪಾಟೆನಿಸದು. ಇದೇ ನಾವು ನೆನಪಿಡಬೇಕಾದ ಅಳತೆಗೋಲು. ಮನೆ ಇದ್ದಲ್ಲೇ, ಇದ್ದಷ್ಟೇ ಇದ್ದರೆ ಅದು ದುರಸ್ತಿ. ಒಂದು ಗೇಣು ಬೆಳೆದರೂ ಸರಿದರೂ ಅದು ಕಟ್ಟಡ.

1970ರಲ್ಲಿ ಮೊದಲು ಪ್ರಕಟವಾಗಿ 2016ರಲ್ಲಿ ಪರಿಷ್ಕೃತವಾದ ರಾಷ್ಟ್ರೀಯ ಕಟ್ಟಡ ಸಂಹಿತೆಯೂ ಇದೇ ದಾರಿಯಲ್ಲಿದೆ. ಸುಣ್ಣ ಬಳಿಯುವುದು, ಬಣ್ಣ ಹಚ್ಚುವುದು, ಗಾರೆ ಮತ್ತು ತೇಪೆಯ ಕೆಲಸ, ಹೆಂಚು ಹೊದಿಸುವುದು, ಸ್ವಂತ ನಿವೇಶನದ ಮಿತಿಯೊಳಗೆ ಕಿಟಕಿಗೆ ಸಜ್ಜಾ ಹಾಕಿಸುವುದು, ಇವಕ್ಕೆ ಪರವಾನಗಿ ಅಗತ್ಯವಿಲ್ಲವೆಂದು ಅದು ಹೇಳುತ್ತದೆ. ಆದರೆ ಕಟ್ಟಡದ ಭದ್ರತೆಗೂ ಬೆಂಕಿಯಿಂದ ರಕ್ಷಣೆಗೂ ಬಾಧಕವಾಗಬಾರದು ಎಂಬ ಷರತ್ತು ಜೊತೆಗಿದೆ. ಈ ಸಂಹಿತೆ ಮಾದರಿಯಷ್ಟೆ; ಆಯಾ ಊರಿನ ಉಪವಿಧಿಗಳೇ ಅಂತಿಮ.

ಈ ಷರತ್ತಿನ ಅರ್ಥವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಒಡೆದ ಮಂಗಳೂರು ಹೆಂಚನ್ನು ತೆಗೆದು ಹೊಸ ಹೆಂಚು ಹೊದಿಸಿದರೆ ಅದು ದುರಸ್ತಿ. ಹೆಂಚನ್ನೇ ಕಿತ್ತು ಕಾಂಕ್ರೀಟು ತಾರಸಿ ಹಾಕಿಸಿದರೆ? ರೀಪು ಸಮೇತ ಹೆಂಚಿನ ಮಾಡಿನ ಭಾರ ಚದರ ಮೀಟರಿಗೆ ಸುಮಾರು 65 ಕಿಲೋಗ್ರಾಂ. 10 ಸೆಂಟಿಮೀಟರು ದಪ್ಪದ ತಾರಸಿಯ ಭಾರ ಸುಮಾರು 250 ಕಿಲೋಗ್ರಾಂ. ಅಜ್ಜನ ಕಾಲದ ಮಣ್ಣುಗೋಡೆ ಹೀಗೆ ನಾಲ್ಕು ಪಾಲಿಗೆ ಹತ್ತಿರವಾಗಿ ಏರಿದ ಭಾರವನ್ನು ತಡೆದೀತೇ ಎಂಬುದನ್ನು ಬಲ್ಲ ಎಂಜಿನಿಯರರು ನೋಡಬೇಕು. ಇಲ್ಲಿ ವಿನಾಯಿತಿಯನ್ನು ನೆಚ್ಚಿಕೊಳ್ಳುವಂತಿಲ್ಲ.

ಸಣ್ಣ ಊರುಗಳಲ್ಲಿ ಇನ್ನಷ್ಟು ಎಚ್ಚರ ಬೇಕು. 1964ರ ಕರ್ನಾಟಕ ಪೌರಸಭೆಗಳ ಅಧಿನಿಯಮವು ಮನೆಯ ಹೊರ ಮಾರ್ಪಾಟಿಗೂ ಮೊದಲೇ ತಿಳಿಸಬೇಕೆನ್ನುತ್ತದೆ. ಕಾಂಪೌಂಡು ಗೋಡೆ, ವರಾಂಡ, ಕಟ್ಟೆ, ಬಾಗಿಲ ಮೆಟ್ಟಿಲುಗಳ ಗಣನೀಯ ಬದಲಾವಣೆಯೂ ಅಲ್ಲಿ ಕಟ್ಟಡವೆಂದೇ ಎಣಿಕೆ. ಬೀದಿಯ ಚರಂಡಿಯ ಮೇಲೆ ಮೆಟ್ಟಿಲು ಮುಂದಕ್ಕೆ ಬಂದರೆ ಅದು ನಮ್ಮ ಮನೆಯ ವಿಷಯವಷ್ಟೇ ಅಲ್ಲ, ಊರಿನ ನೀರು ಹರಿಯುವ ದಾರಿಯ ವಿಷಯ. ಮನೆಯ ಸುತ್ತ ಬಿಡಬೇಕಾದ ಜಾಗವೂ ಹಾಗೆಯೇ. ಅದು ಪಕ್ಕದ ಮನೆಯವರ ಗಾಳಿ ಬೆಳಕು, ಬೆಂಕಿ ಬಿದ್ದಾಗ ನೆರವಿಗೆ ಬರುವವರ ದಾರಿ.

ವಿಜಯಪುರ, ಬಾದಾಮಿ, ಶ್ರೀರಂಗಪಟ್ಟಣಗಳಂಥ ಊರಿನವರಿಗೆ ಮತ್ತೊಂದು ನಿಯಮವಿದೆ. 1958ರ ಪ್ರಾಚೀನ ಸ್ಮಾರಕಗಳ ಅಧಿನಿಯಮಕ್ಕೆ 2010ರಲ್ಲಿ ಆದ ತಿದ್ದುಪಡಿಯಂತೆ, ಕೇಂದ್ರ ಸರ್ಕಾರದ ರಕ್ಷಣೆಯಲ್ಲಿರುವ ಸ್ಮಾರಕದಿಂದ ಕನಿಷ್ಠ 100 ಮೀಟರು ನಿಷೇಧಿತ ಪ್ರದೇಶ, ಅದರಾಚೆ 200 ಮೀಟರು ನಿಯಂತ್ರಿತ ಪ್ರದೇಶ. ನಿಷೇಧಿತ ಪ್ರದೇಶದಲ್ಲಿ ಹೊಸ ಮನೆ ಕಟ್ಟುವಂತಿಲ್ಲ. ಇರುವ ಮನೆಯ ದುರಸ್ತಿ, ನವೀಕರಣಕ್ಕೂ ಸಕ್ಷಮ ಪ್ರಾಧಿಕಾರದ ಅನುಮತಿ ಬೇಕು. ತಪ್ಪಿದರೆ ಎರಡು ವರ್ಷದವರೆಗೆ ಸೆರೆ, ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ವಿಧಿಸಬಹುದು. ಪುರಸಭೆಯ ಒಪ್ಪಿಗೆ ಇದ್ದ ಮಾತ್ರಕ್ಕೆ ಇದು ತಪ್ಪುವುದಿಲ್ಲ.

ಪರವಾನಗಿಯಿಲ್ಲದೆ ಕೆಲಸ ನಡೆದರೆ ಏನಾಗುತ್ತದೆ? ಪಾಲಿಕೆಯ ಆಯುಕ್ತರು ತಾತ್ಕಾಲಿಕ ಆದೇಶ ಹೊರಡಿಸಿ ಕೆಲಸ ನಿಲ್ಲಿಸಬಹುದು, ಕಟ್ಟಿದ್ದನ್ನು ಏಕೆ ಕೆಡವಬಾರದೆಂದು ಕಾರಣ ಕೇಳಬಹುದು. ಕೊಟ್ಟ ಕಾರಣ ಒಪ್ಪಿಗೆಯಾಗದಿದ್ದರೆ ಆದೇಶ ಕಾಯಂ ಆಗುತ್ತದೆ. ಮೇಸ್ತ್ರಿ ಆ ಹೊತ್ತಿಗೆ ಬೇರೊಂದು ಮನೆಯ ಕೆಲಸದಲ್ಲಿರುತ್ತಾನೆ. ಉತ್ತರ ಕೊಡಬೇಕಾದವನು ಮನೆಯ ಯಜಮಾನ.

ಆದ್ದರಿಂದ ಇಟ್ಟಿಗೆ ಇಳಿಸುವ ಮುನ್ನ ಪೆಟ್ಟಿಗೆಯಲ್ಲಿರುವ ಮಂಜೂರಾದ ನಕ್ಷೆಯನ್ನು ತೆಗೆದು, ಮಾಡಬೇಕೆಂದಿರುವ ಕೆಲಸವನ್ನು ಅದರ ಮೇಲೆ ಗುರುತಿಸಿ ನೋಡಿ. ಗೆರೆ ಎಲ್ಲಿಯೂ ಸರಿಯದಿದ್ದರೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಗೆರೆ ಸರಿದರೆ, ಅಥವಾ ಬೀದಿಯ ಕಡೆಗೋ ನೆರೆಯವರ ಕಡೆಗೋ ಹೊಸ ಕಿಟಕಿ ಬಾಗಿಲು ತೆರೆಯುವುದಾದರೆ, ನಕ್ಷೆ, ಖಾತೆ, ತೆರಿಗೆ ರಸೀದಿಗಳೊಡನೆ ಕಚೇರಿಗೆ ಹೋಗಿ ಲಿಖಿತವಾಗಿ ಕೇಳಿ, ಉತ್ತರವನ್ನೂ ಲಿಖಿತವಾಗಿಯೇ ಪಡೆಯಿರಿ. ಒಂದೆರಡು ಸಲ ಕಚೇರಿಗೆ ಓಡಾಡುವ ಶ್ರಮ ಇದ್ದೇ ಇದೆ. ಆದರೆ ಕಷ್ಟಪಟ್ಟು ಕೂಡಿಸಿದ ಹಣದಿಂದ ಎಬ್ಬಿಸಿದ ಗೋಡೆಯನ್ನು ಮರಳಿ ಹಣ ತೆತ್ತು ಕೆಡವಿಸುವ ದುಃಖಕ್ಕಿಂತ ಅದು ಬಹಳ ಹಗುರವಾದದ್ದು.